ತಾರಸಿಯ ಬೀಗದ ಕೈ

ಚಿಕ್ಕಮಗಳೂರಿನ ಒಂದು ಮೂರಂತಸ್ತಿನ ವಾಣಿಜ್ಯ ಕಟ್ಟಡದ ಉಸ್ತುವಾರಿ ನನ್ನ ಕೆಲಸ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ರೈತರು ಹೇಳುತ್ತಾರೆ. ನನ್ನ ಪಾಲಿಗೆ ಆರಿದ್ರಾ ಸುರಿದರೇ ದರಿದ್ರ. ಸೇರಿದ ಮೊದಲ ಮೂರು ವರ್ಷ ಜೂನ್‌ನಲ್ಲಿ ತಾರಸಿ ಸೋರುವ ಕಡೆ ಬಕೆಟ್ ಇಡುವುದು, ನವೆಂಬರ್‌ನಲ್ಲಿ ಬಣ್ಣ ಹೊಡೆಸುವುದು, ನಡುವೆ ಬಾಡಿಗೆದಾರರ ಮಾತು ಕೇಳುವುದು ಇಷ್ಟೇ ನನ್ನ ನಿರ್ವಹಣೆಯಾಗಿತ್ತು. ಎರಡನೆಯ ವರ್ಷ ಬಣ್ಣಕ್ಕೂ ಉದುರಿದ ಫಾಲ್ಸ್ ಸೀಲಿಂಗ್‌ಗೂ ಸೇರಿ 46,000 ರೂಪಾಯಿ ಆಯಿತು. ಅದರಲ್ಲಿ ಒಂದು ರೂಪಾಯಿಯೂ ತಾರಸಿಗೆ ಹೋಗಿರಲಿಲ್ಲ.

ನಾಲ್ಕನೆಯ ವರ್ಷ ಬಂದ ವಯಸ್ಸಾದ ಮೇಸ್ತ್ರಿಯೊಬ್ಬರು, ಮೇಲಿನ ಅಂತಸ್ತಿನ ದರ್ಜಿ ಅಂಗಡಿಯ ಮೂಲೆಯಲ್ಲಿದ್ದ ಕಲೆಯನ್ನು ನೋಡಿ, “ಕಲೆ ಇರುವ ಕಡೆಯೇ ತೂತು ಇರುವುದಿಲ್ಲ ಸಾರ್, ನೀರು ಒಳಗೊಳಗೇ ನಡೆದು ಬಂದಿರುತ್ತದೆ” ಎಂದರು. ಗದ್ದೆಗೆ ಬದು ಹಾಕುವಂತೆ ತಾರಸಿಯ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ನಾಲ್ಕು ಮಡಿ ಮಾಡಿದರು. ನೀರು ಹೋಗುವ ಬಾಯಿಗಳಿಗೆ ಗೋಣಿತಟ್ಟು ತುರುಕಿ, ಒಂದೊಂದೇ ಮಡಿಗೆ ಎರಡು ಅಂಗುಲ ನೀರು ಬಿಟ್ಟು ಎರಡೆರಡು ದಿನ ಕಾದೆವು. ಇಡೀ ತಾರಸಿಗೆ ಒಮ್ಮೆಗೇ ನೀರು ಬಿಟ್ಟರೆ ಸೋರುವ ಮಡಿ ಯಾವುದೆಂದು ತಿಳಿಯುವುದಿಲ್ಲ. ಭಾರದ ಲೆಕ್ಕವೂ ಇದೆ. ಎರಡು ಅಂಗುಲ ನೀರೆಂದರೆ ಚದರ ಅಡಿಗೆ ಸುಮಾರು 5 ಕಿಲೋ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ಹೆಚ್ಚುಕಡಿಮೆ ಅರ್ಧ ಟನ್. ಸಿಲ್ವರ್ ಓಕ್ ಎಲೆ ಜಾಲರಿಗೆ ಅಂಟಿ ನೀರು ನಿಂತಾಗಲೆಲ್ಲ ಛಾವಣಿ ಇದೇ ಭಾರವನ್ನು ಹೊತ್ತಿತ್ತೆಂದು ಆಗ ಹೊಳೆಯಿತು.

ಮೂರನೆಯ ಮಡಿಗೆ ನೀರು ಬಿಟ್ಟ ಮರುದಿನ ದರ್ಜಿಯ ಮೂಲೆ ಒದ್ದೆಯಾಯಿತು. ಕಲೆಯಿಂದ ಹದಿನಾಲ್ಕು ಅಡಿ ದೂರದಲ್ಲಿ, ಯಾವಾಗಲೋ ತೆಗೆದುಹಾಕಿದ ಜಾಹೀರಾತು ಫಲಕದ ನಾಲ್ಕು ಬೋಲ್ಟ್‌ಗಳ ಮೊಂಡುತುದಿಗಳು ಅಲ್ಲೇ ಉಳಿದಿದ್ದವು. ಹುಡುಕುತ್ತ ಹೋದಂತೆ ಪಟ್ಟಿ ಬೆಳೆಯಿತು: ಮೂರು ಅನಾಥ ಡಿಶ್ ಆಂಟೆನಾಗಳು, ಎ.ಸಿ. ನೀರು ಒಂದೇ ಕಡೆ ತೊಟ್ಟಿಕ್ಕಿ ಪಾಚಿ ಕಟ್ಟಿದ ಜಾಗ, ಮಳೆನೀರಿನ ಪೈಪಿನೊಳಗೇ ಇಳಿಬಿಟ್ಟ ಕೇಬಲ್ ತಂತಿ. ನಾನು ಮಳೆಯನ್ನು ಬೈಯುತ್ತಿದ್ದೆ. ತಾರಸಿಯನ್ನು ಕೆಡಿಸಿದ್ದು ಡ್ರಿಲ್ ಹಿಡಿದು ಬಂದವರು. ಅವರಿಗೆಲ್ಲ ಬಾಗಿಲು ತೆರೆದಿದ್ದು ಮೆಟ್ಟಿಲ ಕೆಳಗೆ ಮೊಳೆಗೆ ತೂಗುಹಾಕಿದ್ದ ಬೀಗದ ಕೈ.

ರಿಪೇರಿಯಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಬೋಲ್ಟ್ ಕತ್ತರಿಸಿ ತೂತುಗಳನ್ನು ತುಂಬಿದೆವು, ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಗಾರೆಯಿಂದ ಉರುಟು ಮಾಡಿದೆವು, ಮೇಲೆ ವಾಟರ್‌ಪ್ರೂಫ್ ಲೇಪನ ಹಚ್ಚಿದೆವು. ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಸರಿಯಿಲ್ಲದ ಜಾಗ ಹುಡುಕಲು ನನ್ನದೇ ಒಂದು ಉಪಾಯವಿದೆ: ಮಳೆ ನಿಂತ ಮೇಲೆ ಉಳಿದ ಹೊಂಡಗಳ ಸುತ್ತ ಬಣ್ಣದ ಗೆರೆ ಎಳೆದಿಡುವುದು. ಬೇಸಿಗೆಯಲ್ಲಿ ಬರುವ ಮೇಸ್ತ್ರಿಗೆ ಬಾಯಲ್ಲಿ ಹೇಳುವ ಬದಲು ಗೆರೆ ತೋರಿಸಿದರೆ ಸಾಕು.

ಕಷ್ಟವಿರುವುದು ಸಮಯ ಹೊಂದಿಸುವುದರಲ್ಲಿ. ಒದ್ದೆ ಸಿಮೆಂಟಿನ ಮೇಲೆ ಹಚ್ಚಿದ ಲೇಪನ ಹಪ್ಪಳದಂತೆ ಏಳುತ್ತದೆ, ಹಾಗಾಗಿ ಜೂನ್‌ನಲ್ಲಿ ಮಾಡಿಸಿದ ಕೆಲಸ ನೀರಲ್ಲಿ ಹೋಮ. ಡಿಸೆಂಬರ್, ಜನವರಿಯಲ್ಲಿ ಮಾಡಿಸೋಣವೆಂದರೆ ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೋಗಿರುತ್ತಾರೆ. ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುನ್ನ ಸಿಗುವ ಕೆಲವೇ ವಾರಗಳಲ್ಲಿ ಮುಗಿಸಬೇಕು. ಇದಕ್ಕಾಗಿ ಮಾಲೀಕರಿಂದ ಜನವರಿಯಲ್ಲೇ ಹಣ ಮಂಜೂರು ಮಾಡಿಸಿಕೊಳ್ಳುತ್ತೇನೆ. ಬಿಸಿಲು ಕಾಯುವಾಗ ಸೋರಿಕೆಯ ಖರ್ಚು ಕೇಳುವುದು ಮುಜುಗರವೇ. ಹೋದ ವರ್ಷದ ಬಣ್ಣದ ಬಿಲ್ಲನ್ನು ಜೊತೆಗಿಟ್ಟು ಕೇಳುತ್ತೇನೆ.

ಬೀಗದ ಕೈ ಈಗ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಮೇಲೆ ಹೋಗುವವರು ಪುಸ್ತಕದಲ್ಲಿ ಹೆಸರು, ಕೆಲಸ, ಸಮಯ ಬರೆಯಬೇಕು. ತಾರಸಿಗೆ ತೂತು ಕೊರೆಯಬಾರದೆಂಬ ಸಾಲು ಬಾಡಿಗೆ ಕರಾರಿಗೂ ಸೇರಿದೆ. ಮೊನ್ನೆ ಸೋಲಾರ್ ಹೀಟರ್ ಕೂರಿಸಲು ಬಂದ ಹುಡುಗ, “ನಾಲ್ಕೇ ನಾಲ್ಕು ಬೋಲ್ಟ್ ಅಣ್ಣ” ಎಂದ. ಸಿಮೆಂಟ್ ದಿಮ್ಮಿಗಳ ಮೇಲೆ, ಕೆಳಗೆ ರಬ್ಬರ್ ಹಾಕಿ ಕೂರಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.

ಕಳೆದ ಮಳೆಗಾಲದಲ್ಲಿ ದರ್ಜಿಯ ಮೂಲೆ ಒಣಗಿಯೇ ಇತ್ತು. ಆದರೂ ಅವರು ಬಕೆಟ್ಟನ್ನು ಹೊಲಿಗೆ ಯಂತ್ರದ ಪಕ್ಕದಿಂದ ತೆಗೆದಿಲ್ಲ. ಈಗ ಅದರಲ್ಲಿ ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳಿವೆ.