ಆಟದ ನಿಯಮ ಬರೆಯಬೇಕಾದವರು ಯಾರು?

ಗ್ರಾಮೀಣ ಪ್ರದೇಶವೊಂದರ ಭೂಬಳಕೆಯನ್ನು ಅರಿಯಲು ಉಪಗ್ರಹ ಚಿತ್ರಗಳು, ಮಣ್ಣಿನ ನಕ್ಷೆಗಳು, ಕಂದಾಯ ದಾಖಲೆಗಳು ಇದ್ದೇ ಇವೆ. ಆದರೆ ಕೊಯ್ಲಾದ ಹೊಲಕ್ಕೆ ಯಾರ ದನಗಳು ಮೊದಲು ಇಳಿಯುತ್ತವೆ, ಮಳೆ ಕೈಕೊಟ್ಟ ವರ್ಷ ಅವು ಯಾವ ದಾರಿ ಹಿಡಿದು ನೀರಿಗೆ ಹೋಗುತ್ತವೆ, ಆ ದಾರಿಯನ್ನೇ ಉತ್ತವನೊಡನೆ ಜಗಳ ಹೇಗೆ ಬಗೆಹರಿಯುತ್ತದೆ ಎಂಬುದು ಅವುಗಳಲ್ಲಿ ಸಿಗುವುದಿಲ್ಲ. ಪ್ರಶ್ನಾವಳಿ ಹಿಡಿದು ಹೋದರೆ ಜನ ಹೇಗೆ ನಡೆಯಬೇಕೆಂಬುದನ್ನು ಹೇಳುತ್ತಾರೆ. ಅದೇ ಜನ ರೈತ, ಪಶುಪಾಲಕರ ಪಾತ್ರ ಹಿಡಿದು ತಮ್ಮ ನೆಲ-ನೀರಿನ ಬಳಕೆಯನ್ನೇ ಹಲಗೆಯ ಮೇಲೆ ಆಡಿ ತೋರಿಸುವ ಆಟಕ್ಕೆ ಕೂತರೆ ಹೇಗೆ ನಡೆಯುತ್ತಿದೆ ಎಂಬುದು ತಾನಾಗಿ ಹೊರಬೀಳುತ್ತದೆ.

ಈ ಬಗೆಯ ಪ್ರಯತ್ನಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿ ಕಣಿವೆಯಲ್ಲಿ ನಡೆದ ‘ಸೆಲ್ಫ್‌ಕಾರ್ಮಾಸ್’ ಪ್ರಯೋಗ. ಫ್ರಾನ್ಸ್‌ನ ಕೃಷಿ ಸಂಶೋಧನಾ ಸಂಸ್ಥೆಯಾದ ಸಿರಾಡ್‌ನ ಸಂಶೋಧಕರು ಭಾಗಿಯಾಗಿದ್ದ ಇದರ ವಿವರ 2003ರಲ್ಲಿ ಪ್ರಕಟವಾಯಿತು. ಬೇಸಾಯಗಾರರೂ ಪಶುಪಾಲಕರೂ ಒಂದೇ ನೆಲ, ಒಂದೇ ನೀರನ್ನು ನೆಚ್ಚಿಕೊಂಡಿರುವ ಸೀಮೆಯದು. ಅಲ್ಲಿ ಸಂಶೋಧಕರು ಸಿದ್ಧ ಆಟವನ್ನು ಹೊತ್ತೊಯ್ಯಲಿಲ್ಲ. ಯಾವ ಕಸುಬಿಗೆ ಎಂಥ ಮಣ್ಣು ಬೇಕು, ಯಾವ ಕಾಲದಲ್ಲಿ ಎಷ್ಟು ನೀರು ಬೇಕು ಎಂಬುದನ್ನು ಸ್ಥಳೀಯರೇ ನಿರ್ಧರಿಸಿ ಆಟವನ್ನು ಕಟ್ಟಿದರು, ತಾವೇ ಆಡಿದರು. ಆಮೇಲೆ ಅದೇ ನಿಯಮಗಳು ಕಂಪ್ಯೂಟರ್ ಮಾದರಿಗೆ ಇಳಿದವು. ಈ ಅನುಕ್ರಮವೇ ಇಲ್ಲಿನ ತಿರುಳು. ತಾವು ಆಡಿದ ಆಟವೇ ಪರದೆಯ ಮೇಲೆ ಮುಂದುವರಿಯುವುದನ್ನು ಕಂಡವರಿಗೆ ಆ ಮಾದರಿ ತಜ್ಞರ ಗುಟ್ಟಿನ ಪೆಟ್ಟಿಗೆಯಾಗಿ ತೋರುವುದಿಲ್ಲ. ಎಲ್ಲಿ ತಪ್ಪಿದೆಯೆಂದು ಅವರು ಬೆರಳಿಟ್ಟು ತೋರಿಸಬಲ್ಲರು. ‘ಬೇಸಿಗೆಯಲ್ಲಿ ಆ ಕಡೆ ಯಾರೂ ದನ ಹೊಡೆಯುವುದಿಲ್ಲ’ ಎಂದು ಆಟಗಾರನೊಬ್ಬ ತಕರಾರು ತೆಗೆದನೆಂದರೆ, ನನ್ನ ಮಟ್ಟಿಗೆ ಆಟ ಸಾರ್ಥಕವಾಗತೊಡಗಿದೆ ಎಂದೇ ಅರ್ಥ.

ಆಂಧ್ರಪ್ರದೇಶದಲ್ಲಿ ನಡೆದ ಅಂತರ್ಜಲದ ಆಟ ಇದಕ್ಕಿಂತ ಸರಳ, ಅದರ ನಿಯಮಗಳು ಮೊದಲೇ ಸಿದ್ಧವಾಗಿದ್ದವು ಕೂಡ. ಐದು ಜನರ ಗುಂಪು. ಪ್ರತಿ ಹಂಗಾಮಿಗೂ ಪ್ರತಿಯೊಬ್ಬರೂ ಎರಡು ಬೆಳೆಗಳಲ್ಲಿ ಒಂದನ್ನು ಆರಿಸಬೇಕು. ಒಂದಕ್ಕೆ ನೀರು ಹೆಚ್ಚು, ಲಾಭವೂ ಹೆಚ್ಚು. ಇನ್ನೊಂದಕ್ಕೆ ಎರಡೂ ಕಡಿಮೆ. ಎಲ್ಲರ ಆಯ್ಕೆಯೂ ಸೇರಿ ನೀರಿನ ಮಟ್ಟವನ್ನು ತೀರ್ಮಾನಿಸುತ್ತದೆ. ಮೊದಲು ಪರಸ್ಪರ ಮಾತಿಲ್ಲದೆ ಆಡಿ, ಬಳಿಕ ಮಾತಾಡಿಕೊಂಡು ಆಡಿ, ಕೊನೆಗೆ ಊರವರೆಲ್ಲ ಸೇರಿ ಚರ್ಚಿಸುತ್ತಾರೆ. ಒಂದೇ ಜಲನಿರ್ವಹಣಾ ಕಾರ್ಯಕ್ರಮದಲ್ಲಿದ್ದೂ ಆಟ ಆಡದ ಊರುಗಳಿಗಿಂತ ಆಡಿದ ಊರುಗಳಲ್ಲಿ ನೀರಿನ ಲೆಕ್ಕದ ಪುಸ್ತಕ ಇಡುವುದೂ ಬಳಕೆಗೆ ನಿಯಮ ಮಾಡಿಕೊಳ್ಳುವುದೂ ಹೆಚ್ಚು ಕಂಡುಬಂದವು. ಆಟವೊಂದರಿಂದಲೇ ಅಂತರ್ಜಲ ಉಳಿಯದೆಂದು ಆ ಅಧ್ಯಯನ ನಡೆಸಿದವರೇ ಹೇಳಿದ್ದಾರೆ, ಅದು ಸರಿಯೂ ಹೌದು.

ನನ್ನ ಅನುಮಾನ ಇರುವುದು ಬೇರೆಡೆ. ಹಲಗೆಯ ಸುತ್ತ ಕೂತವರಲ್ಲಿ ದೊಡ್ಡ ಹಿಡುವಳಿದಾರನಿದ್ದರೆ ಅವನ ಸಾಲಗಾರ ಆಟದಲ್ಲೂ ಅವನ ಮುಖ ನೋಡಿಯೇ ಕಾಯಿ ನಡೆಸುತ್ತಾನೆ. ಸೌದೆ, ಮೇವು ತರುವ ಹೆಂಗಸರನ್ನು ಕರೆಯದಿದ್ದರೆ ಅವರು ದಿನವೂ ತುಳಿಯುವ ಪೊದೆಗಾಡು ಹಲಗೆಯ ಮೇಲೆ ‘ಪಾಳು’ ಎಂಬ ಖಾಲಿ ಚೌಕವಾಗಿ ಉಳಿಯುತ್ತದೆ. ಹಂಗಾಮಿಗೊಮ್ಮೆ ಹಾದುಹೋಗುವ ಕುರಿಗಾಹಿಗಂತೂ ಆಹ್ವಾನವೇ ತಲುಪುವುದಿಲ್ಲ. ಪಾತ್ರಗಳನ್ನು ಅದಲುಬದಲು ಮಾಡಿ, ಪಶುಪಾಲಕನಿಗೆ ಹೊಲ, ರೈತನಿಗೆ ಮಂದೆ ಕೊಟ್ಟು ಆಡಿಸುವುದು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಆದರೆ ಬಾರದೇ ಇದ್ದವರ ಪಾತ್ರವನ್ನು ಬಂದವರಿಂದ ಆಡಿಸಿ, ಅವರ ಅಭಿಪ್ರಾಯವೂ ಸಿಕ್ಕಿತೆಂದು ವರದಿ ಬರೆಯುವುದನ್ನು ನಾನು ಒಪ್ಪಲಾರೆ.