ಹ್ಯಾಮೆಲಿನ್ ಪೂಲ್‌ನಲ್ಲಿ ಬಂಡಿ ಗಾಲಿಯ ಗುರುತು

ಕರಿಜಿನಿಯ ಕಮರಿಗಳಿಂದ ಹೊರಟು ಎರಡು ದಿನ ದಕ್ಷಿಣಕ್ಕೆ ಕಾರು ಓಡಿಸಿದೆವು. ಪಶ್ಚಿಮ ಆಸ್ಟ್ರೇಲಿಯಾದ ಈ ದಾರಿಯಲ್ಲಿ ಗಂಟೆಗಟ್ಟಲೆ ಕುರುಚಲು ಗಿಡ, ಕೆಂಪು ಮಣ್ಣು ಬಿಟ್ಟರೆ ಬೇರೇನೂ ಕಾಣದು. ಶಾರ್ಕ್ ಬೇಯ ಒಳಮೂಲೆಯಲ್ಲಿರುವ ಹ್ಯಾಮೆಲಿನ್ ಪೂಲ್‌ನಲ್ಲಿ ಇಳಿದಾಗ ಮೊದಲು ತಟ್ಟಿದ್ದು ನಿಶ್ಶಬ್ದ. ಕಡಲಿದೆ, ಮೊರೆತವಿಲ್ಲ. ಕಾಲಡಿಯಲ್ಲಿ ಉಗುರಿನಗಲದ ಬಿಳಿ ಚಿಪ್ಪುಗಳು, ಹೆಜ್ಜೆ ಇಟ್ಟಲ್ಲೆಲ್ಲ ಕರಕರ ಎನ್ನುತ್ತವೆ. ಜೊತೆಗೆ ಕಣ್ಣು ಮೂಗು ಬಿಡದ ನೊಣಗಳು.

ನೀರಿನ ಮೇಲೆ ಕಟ್ಟಿದ್ದ ಹಲಗೆಯ ಕಾಲುದಾರಿ 2021ರ ಏಪ್ರಿಲ್‌ನಲ್ಲಿ ಬೀಸಿದ ಸೆರೋಜಾ ಚಂಡಮಾರುತಕ್ಕೆ ಮುರಿದಿತ್ತು. ಹಾಗಾಗಿ ನಾವು ದಡದಲ್ಲೇ ನಿಂತು ನೋಡಿದೆವು. ಕಡಲ ಇಳಿತದ ಹೊತ್ತಾಗಿದ್ದದ್ದು ನಮ್ಮ ಪುಣ್ಯ. ಮೊಣಕಾಲೆತ್ತರದ ಕಪ್ಪು ದಿಮ್ಮೆಗಳು ನೂರಾರು, ತೆಳು ನೀರಿನಲ್ಲಿ ಮಂದೆಯಂತೆ ಕೂತಿದ್ದವು. ಇವೇ ಸ್ಟ್ರೊಮ್ಯಾಟೊಲೈಟ್‌ಗಳು.

"ಅಮ್ಮಾ, ಇದು ಬರೀ ಕಲ್ಲಲ್ವಾ? ಜೀವ ಎಲ್ಲಿದೆ ಇದ್ರಲ್ಲಿ?" ಅಂದಳು ಮಗಳು.

"ಮೇಲಿನ ಪದರದಲ್ಲಿ ಮಾತ್ರ ಕಣೇ. ಒಳಗಿರೋದೆಲ್ಲ ಅವುಗಳ ಅಜ್ಜ ಮುತ್ತಜ್ಜಂದಿರು ಕಟ್ಟಿಟ್ಟು ಹೋದ ಕಲ್ಲು."

ಆ ಪದರದಲ್ಲಿ ಇರುವುದು ಮುಖ್ಯವಾಗಿ ಸಯನೋಬ್ಯಾಕ್ಟೀರಿಯಾ, ಗಿಡಗಳಂತೆ ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ. ಇವು ಪ್ರೊಕ್ಯಾರಿಯೋಟ್‌ಗಳು, ಅಂದರೆ ಕೋಶಕೇಂದ್ರವಿಲ್ಲದ ಏಕಕೋಶ ಜೀವಿಗಳು. ನಮ್ಮ ಜೀವಕೋಶದಲ್ಲಿ ಡಿಎನ್ಎಗೆ ಪ್ರತ್ಯೇಕ ಕೋಣೆಯಿದೆ. ಇವುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಬಳೆಯಂತೆ ಸುತ್ತಿಕೊಂಡು ಕೋಶದ ನಡುವೆಯೇ ಬಿದ್ದಿರುತ್ತದೆ. ಇಷ್ಟು ಸರಳ ದೇಹ ಕಲ್ಲು ಕಟ್ಟುವ ಬಗೆ ನೋಡಿ. ಕೋಶಗಳು ಅಂಟುದ್ರವ ಸ್ರವಿಸುತ್ತವೆ. ನೀರಲ್ಲಿ ತೇಲಿಬಂದ ಮರಳಿನ ಕಣ ಅದಕ್ಕೆ ಅಂಟುತ್ತದೆ, ಸುಣ್ಣ ಕೂಡಿಕೊಂಡು ಗಟ್ಟಿಯಾಗುತ್ತದೆ. ಬೆಳಕು ಮರೆಯಾಯಿತೆಂದು ಎಳೆಯಾಕಾರದ ಕೋಶಗಳು ಮೇಲಕ್ಕೆ ತೆವಳಿ ಹೊಸ ಪದರ ಶುರುಮಾಡುತ್ತವೆ. ಬೆಳವಣಿಗೆ ವರ್ಷಕ್ಕೆ ಅರ್ಧ ಮಿಲಿಮೀಟರ್ ದಾಟುವುದಿಲ್ಲ. ಎದುರಿಗಿದ್ದ ದಿಮ್ಮೆಗಳಲ್ಲಿ ಹಳೆಯವು ಎರಡು ಮೂರು ಸಾವಿರ ವರ್ಷದವು.

ಬೇರೆ ಕಡಲತೀರಗಳಲ್ಲಿ ಇಂಥ ಪದರವನ್ನು ಬಸವನಹುಳುಗಳು ಮೇದುಬಿಡುತ್ತವೆ. ಇಲ್ಲಿ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕಡಲಹುಲ್ಲು ಬೆಳೆದ ದಿಬ್ಬವಿದೆ, ಹೊಸ ನೀರು ಸಲೀಸಾಗಿ ಒಳಬರದು. ಮಳೆ ಕಡಿಮೆ, ಬಿಸಿಲು ಹೆಚ್ಚು. ನೀರು ಆವಿಯಾಗಿ ಉಪ್ಪು ಸಾಮಾನ್ಯ ಕಡಲಿನ ಸುಮಾರು ಎರಡರಷ್ಟಾಗಿದೆ. ಮೇಯುವ ಹುಳುಗಳಲ್ಲಿ ಹೆಚ್ಚಿನವು ಬದುಕಲಾರದ ಉಪ್ಪು ಅದು. ಅದೇ ಇವುಗಳಿಗೆ ಬೇಲಿ.

ಇವನ್ನು 'ಜೀವಂತ ಪಳೆಯುಳಿಕೆ' ಎನ್ನುವುದು ರೂಢಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಈ ಕೋಶಗಳು ಇಂದಿನವು, ನಮ್ಮಷ್ಟೇ ದೂರ ನಡೆದುಬಂದ ವಂಶ ಅವುಗಳದ್ದು. ಹಳೆಯದು ಕಸುಬು. ಇದೇ ರಾಜ್ಯದ ಪಿಲ್ಬರಾ ಪ್ರದೇಶದ ಡ್ರೆಸರ್ ಶಿಲೆಗಳಲ್ಲಿ ಸುಮಾರು 348 ಕೋಟಿ ವರ್ಷ ಹಿಂದಿನ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಭೂಮಿಯ ವಯಸ್ಸೇ 454 ಕೋಟಿ ವರ್ಷ. ಕಲ್ಲು ಕಟ್ಟುವಷ್ಟು ಒಗ್ಗಟ್ಟಿನ ಜೀವಿಗಳು ಆಗಲೇ ಇದ್ದವೆಂದರೆ ಜೀವದ ಹುಟ್ಟು ಅದಕ್ಕೂ ಹಿಂದಿನದು. ಅದು ಆಳಕಡಲಿನ ಬಿಸಿನೀರ ಬಿರುಕುಗಳಲ್ಲೋ, ನೆಲದ ಮೇಲಿನ ಬಿಸಿನೀರ ಬುಗ್ಗೆಗಳಲ್ಲೋ ಎಂಬ ವಾದ ಇನ್ನೂ ನಡೆದೇ ಇದೆ. ಡ್ರೆಸರ್ ಶಿಲೆಗಳಲ್ಲೇ ಪುರಾತನ ಬಿಸಿನೀರ ಬುಗ್ಗೆಗಳ ಕುರುಹು ಸಿಕ್ಕಿದ್ದು 2017ರಲ್ಲಿ ಪ್ರಕಟವಾದಾಗ ಎರಡನೆಯ ಪಕ್ಷಕ್ಕೆ ಬಲ ಬಂತು.

ಕರಿಜಿನಿಯಲ್ಲಿ ಗೋಡೆಗೆ ಕೈಯಿಟ್ಟು ನೋಡಿದ್ದ ಕೆಂಪು, ಬೂದು ಪಟ್ಟೆಗಳ ಅರ್ಥ ಇಲ್ಲಿ ನಿಂತಾಗ ಬಿಡಿಸಿಕೊಂಡಿತು. ಆ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಆಗಿನ ಕಡಲಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಸಯನೋಬ್ಯಾಕ್ಟೀರಿಯಾ ಸೂರ್ಯನ ಬೆಳಕಿನಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಟ್ಟಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು ಎಂಬುದು ಈ ಪಟ್ಟೆಗಳಿಗೆ ಕೊಡುವ ಮುಖ್ಯ ವಿವರಣೆಗಳಲ್ಲೊಂದು. ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಗಾಳಿಯಲ್ಲೂ ಉಳಿಯತೊಡಗಿತು. ಅದು ಎಷ್ಟೋ ಸೂಕ್ಷ್ಮಜೀವಿಗಳಿಗೆ ವಿಷವಾಗಿರಬೇಕು; ನಮಗೆ ಉಸಿರಾಯಿತು.

ಮಗಳು ದಾರಿ ಬದಿಯ ಗಿಡದಿಂದ ಉದುರಿದ್ದ ಎಲೆಯೊಂದನ್ನು ತಿರುವಿ ನೋಡುತ್ತಿದ್ದಳು. ಆ ಹಸಿರೂ ಇದೇ ಮನೆತನದ್ದು ಅಂದೆ. ಎಲೆಯ ಕೋಶದೊಳಗಿನ ಹಸಿರು ಕಣವಾದ ಕ್ಲೋರೋಪ್ಲಾಸ್ಟ್, ಹಿಂದೊಮ್ಮೆ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆನಿಂತ ಸಯನೋಬ್ಯಾಕ್ಟೀರಿಯಾದ ಸಂತತಿ. ಅವಳು ಎಲೆಯನ್ನು ದಿಮ್ಮೆಗಳ ಕಡೆಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ಹೋಲಿಸಿದಳು.

ಪದರದಲ್ಲಿ ಸಯನೋಬ್ಯಾಕ್ಟೀರಿಯಾ ಒಂದೇ ಇಲ್ಲ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳೂ ಇವೆ. ನೋಟಕ್ಕೆ ಬ್ಯಾಕ್ಟೀರಿಯಾದಂತೆಯೇ ಇದ್ದರೂ ಆರ್ಕಿಯಾ ಜೀವಲೋಕದ ಬೇರೆಯೇ ಕವಲು ಎಂದು ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸಿದರು. ಉಪ್ಪಿನಲ್ಲೇ ಬಾಳುವ ಅಂಥದ್ದೊಂದು ಇಲ್ಲಿನ ದಿಮ್ಮೆಯಲ್ಲೇ ಸಿಕ್ಕಿತು. ಹೆಸರೂ ಈ ಊರಿನದೇ, ಹ್ಯಾಲೋಕಾಕಸ್ ಹ್ಯಾಮೆಲಿನೆನ್ಸಿಸ್.

ಹೊರಡುವ ಮುನ್ನ ಕಂಡದ್ದನ್ನು ಹೇಳಲೇಬೇಕು. ದಡದಿಂದ ನೀರಿನ ಕಡೆಗೆ, ಕಪ್ಪು ಪದರವನ್ನು ಸೀಳಿಕೊಂಡು ಜೋಡಿ ಗೆರೆ ಹೋಗಿತ್ತು. ಬಂಡಿ ಗಾಲಿಯ ಗುರುತು. ಹಿಂದೆ ಕುರಿ ಸಾಕಣೆಯ ಜಮೀನುಗಳಿಂದ ಉಣ್ಣೆ ತುಂಬಿದ ಬಂಡಿಗಳು ಹೀಗೇ ನೀರಿಗಿಳಿದು ದೋಣಿಗಳಿಗೆ ಮೂಟೆ ಏರಿಸುತ್ತಿದ್ದವಂತೆ. ಬಂಡಿಗಳು ನಿಂತು ಎಷ್ಟೋ ದಶಕಗಳಾದವು. ನೂರು ವರ್ಷಕ್ಕೆ ಇವು ಬೆಳೆಯುವುದು ಹೆಚ್ಚೆಂದರೆ ಮೂರು ಬೆರಳಗಲ. ಗಾಯ ಇನ್ನೂ ಮುಚ್ಚಿಲ್ಲ. ನನಗೆ ಆ ಗೆರೆಯಿಂದ ಕಣ್ಣು ಕೀಳಲಾಗಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು.

ಭರತ ಶುರುವಾಗಿತ್ತು. ನೀರು ಸದ್ದಿಲ್ಲದೆ ಮೊದಲು ಆ ಎರಡು ಗೆರೆಗಳಲ್ಲೇ ಹರಿದುಬಂತು, ಆಮೇಲೆ ಪದರದ ಮೇಲೆ ಹರಡಿತು. ಮಗಳು ಚಿಪ್ಪಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಗೆರೆ ಪೂರ್ತಿ ಮುಳುಗುವವರೆಗೂ ಏಳಲಿಲ್ಲ.