ತಡಿ ಅತ್ತೆ, ಬೋನು ನೋಡ್ಕಂಡ್ ಬತ್ತೀನಿ

ಮಂಡ್ಯದ ಪಕ್ಕದ ನಮ್ಮೂರ ಶಾಲೆಯ ವಾರ್ಷಿಕೋತ್ಸವಕ್ಕೆ ಸಿಂಡ್ರೆಲಾ ನಾಟಕ ಆಡೋಣ ಎಂದವರು ಮಕ್ಕಳೇ. ಕಿನ್ನರಿಯ ಪಾತ್ರಕ್ಕೆ ಮಾತ್ರ ದೊಡ್ಡವರೇ ಬೇಕೆಂದು ಹಟ ಹಿಡಿದು ನನ್ನನ್ನು ಎಳೆದರು. ಮದುವೆಯ ಜರಿಸೀರೆ ಉಟ್ಟೆ. ಕಬ್ಬಿನ ಜಲ್ಲೆಗೆ ಬೆಳ್ಳಿಕಾಗದ ಸುತ್ತಿದರೆ ಮಂತ್ರದಂಡವೂ ಸಿದ್ಧ.

ಒಪ್ಪಿಕೊಂಡ ಮೇಲೆ ಕಥೆಯನ್ನು ಹುಡುಕಿ ಓದಿದೆ. ಜರ್ಮನಿಯ ಗ್ರಿಮ್ ಸೋದರರ ಕಥೆಯಲ್ಲಿ ಕಿನ್ನರಿಯೇ ಇಲ್ಲ. ತಾಯಿಯ ಸಮಾಧಿಯ ಮೇಲೆ ಬೆಳೆದ ಮರ, ಅದರಲ್ಲಿ ಕೂರುವ ಹಕ್ಕಿ, ಇವೇ ಅಲ್ಲಿ ಹುಡುಗಿಗೆ ಆಸರೆ. ಕಿನ್ನರಿ, ಕುಂಬಳಕಾಯಿ, ಗಾಜಿನ ಚಪ್ಪಲಿ ಬರುವುದು ಫ್ರಾನ್ಸಿನ ಷಾರ್ಲ್ ಪೆರೊ 1697ರಲ್ಲಿ ಪ್ರಕಟಿಸಿದ ಕಥೆಯಲ್ಲಿ. ಅವನ ಕಿನ್ನರಿ ಸಾರೋಟನ್ನು ಆಕಾಶದಿಂದ ಇಳಿಸುವುದಿಲ್ಲ. ಹಿತ್ತಲಿಂದ ಕುಂಬಳಕಾಯಿ ಕಿತ್ತು ತಾ ಅನ್ನುತ್ತಾಳೆ. ಬೋನಿಗೆ ಬಿದ್ದ ಇಲಿಗಳು ಕುದುರೆಗಳಾಗುತ್ತವೆ. ಸಾರೋಟು ಹೊಡೆಯುವವನನ್ನು ಎಲ್ಲಿಂದ ತರುವುದು ಎಂದು ಕಿನ್ನರಿಗೇ ತೋಚದಾಗ, ಹೆಗ್ಗಣ ಬಿದ್ದಿದೆಯೇ ನೋಡಿ ಬರುತ್ತೇನೆ ಎಂದು ಉಪಾಯ ಹೇಳುವವಳು ಹುಡುಗಿ. ಮಕ್ಕಳಿಗೆಂದು ಕಥೆಯನ್ನು ಮೊಟಕು ಮಾಡುವವರು ಮೊದಲು ಬಿಡುವುದೇ ಈ ಮಾತನ್ನು. ನನಗಂತೂ ಕಥೆಯ ಜೀವ ಇರುವುದೇ ಅಲ್ಲಿ.

ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ ಹತ್ತಿರದ ಹೊಲಿಗೆ ಅಂಗಡಿಯ ಅಕ್ಕ ನನಗೆ ಇಂಥ ಕಿನ್ನರಿಯೇ ಆಗಿದ್ದರು. ಇಂಟರ್‌ವ್ಯೂಗೆ ಉಡಲು ಸೀರೆಯಿಲ್ಲ ಎಂದರೆ ತಮ್ಮದನ್ನು ಕೊಡಲಿಲ್ಲ. ಊರಿಂದ ಅಮ್ಮನ ಹಳೇ ಸೀರೆ ತರಿಸಿ, ಫಾಲ್ಸ್ ಹಚ್ಚಿ, ಅಳತೆಗೆ ಸರಿಯಾಗಿ ಬ್ಲೌಸ್ ಹೊಲಿದುಕೊಟ್ಟು, 'ಇನ್ನು ಮಾತಾಡೋದು ನಿನ್ ಕೆಲ್ಸ ಕಣವ್ವ' ಅಂದರು.

ನಮ್ಮ ಸಿಂಡ್ರೆಲಾ ಆರನೇ ಕ್ಲಾಸಿನವಳು. ಅಭ್ಯಾಸದಲ್ಲಿ ಅವಳ ದನಿ ಎರಡನೇ ಸಾಲಿಗೂ ಕೇಳುತ್ತಿರಲಿಲ್ಲ. ನಾಟಕದ ದಿನ, 'ಸಾರೋಟು ಹೊಡೆಯೋರು ಯಾರವ್ವ?' ಎಂದು ಕೇಳಿ ನಾನು ಸುಮ್ಮನೆ ಕುಳಿತೆ. ಮೈಕು ಕುಯ್ಯೆಂದಿತು. ಪರದೆಯ ಹಿಂದಿಂದ ಮೇಷ್ಟ್ರು ಮಾತನ್ನು ಪಿಸುಗುಟ್ಟಿದರು. ಅವಳು ಅತ್ತ ತಿರುಗಲೂ ಇಲ್ಲ. ಲಂಗ ಎತ್ತಿ ಕಟ್ಟಿದಳು. 'ತಡಿ ಅತ್ತೆ, ಗದ್ದೆ ಬದೀಲಿ ಬೋನು ಮಡಗಿದ್ದೆ, ಹೆಗ್ಗಣ ಬಿದ್ದದಾ ನೋಡ್ಕಂಡ್ ಬತ್ತೀನಿ' ಎಂದವಳೇ ವೇದಿಕೆಯಿಂದ ಧುಮುಕಿ ಜನರ ನಡುವೆ ಓಡಿದಳು. ಮರಳಿ ಬಂದಾಗ ಕೈಯಲ್ಲಿ ಅವಳ ತಾತನ ಕೈ. 'ಇದ್ರಲ್ಲಿ ಇದ್ಕೇ ಮೀಸೆ ಚೆನ್ನಾಗದೆ ಅತ್ತೆ!' ಪೆರೊನ ಕಿನ್ನರಿಯೂ ಮೀಸೆ ನೋಡಿಯೇ ಹೆಗ್ಗಣ ಆರಿಸುತ್ತಾಳೆ. ಅದನ್ನು ಒಮ್ಮೆ ಹೇಳಿದ್ದೆ, ಅವಳು ಮರೆತಿರಲಿಲ್ಲ. ತಾತ ಮೀಸೆ ತಿರುವಿ, ಎತ್ತಿನಗಾಡಿ ಹೊಡೆಯುವ ದನಿಯಲ್ಲಿ 'ಹೋಯ್' ಎಂದು ಕೂಗಿದರು. ಶಾಮಿಯಾನವೆಲ್ಲ ಚಪ್ಪಾಳೆ.

ಮುಂದಿನ ವರ್ಷಕ್ಕೆ ಹಂಚಿ ಎಂಬ ಹುಡುಗಿಯ ಕಥೆ ಎಂದು ನಿಶ್ಚಯವಾಗಿದೆ. ಮೈಸೂರಿನಲ್ಲೇ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ 'ಕನ್ನಡದ ಸಿಂಡ್ರೆಲಾ' ಎಂದು ಕರೆದ ಜನಪದ ಕಥೆ ಅದು. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಕಂಡವರ ಮನೆಯಲ್ಲಿ ದುಡಿಯುತ್ತಾಳೆ. ಮುಖವಾಡಕ್ಕೆ ಕೆರೆಮಣ್ಣು ತಾನೇ ತರುತ್ತೇನೆ ಎಂದು ನಮ್ಮ ಸಿಂಡ್ರೆಲಾ ಈಗಲೇ ಹೇಳಿಟ್ಟಿದ್ದಾಳೆ.